ಹಗಲಿನ ಗದ್ದಲಕ್ಕೆ ದೂರು ಕೊಡುವವರು ಯಾರು?

ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ನನಗೆ ಬರುವ ಪ್ರಶ್ನೆಗಳೂ ಶುರುವಾಗುತ್ತವೆ. ‘ಹ್ವಾಯ್, ಹರಕೆ ಆಟ ಇತ್, ಇಡೀ ರಾತ್ರಿ ಮೈಕ್ ಹಾಕುಕ್ ಆತ್ತಾ?’ ಎಂದು ಕೇಳುವವರು ಒಂದು ಕಡೆ. ‘ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮನೆ ಹಿಂದೆಯೇ ವಾರ್ಷಿಕೋತ್ಸವ, ಯಾರ ಹತ್ತಿರ ಹೇಳುವುದು?’ ಎನ್ನುವವರು ಇನ್ನೊಂದು ಕಡೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಈ ಎರಡು ಪ್ರಶ್ನೆಗಳಿಗೆ ಬರವಿಲ್ಲ. ಎರಡೂ ರಾತ್ರಿಗೆ ಸಂಬಂಧಿಸಿದವು, ಎರಡೂ ಮೈಕಿಗೆ ಸಂಬಂಧಿಸಿದವು. ಆದರೆ ಹೆದ್ದಾರಿ ಬದಿಯ ಶಾಲೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರುವ ಮಕ್ಕಳ ಕಿವಿಯ ಬಗ್ಗೆ ಈವರೆಗೆ ನನ್ನನ್ನು ಯಾರೂ ಕೇಳಿಲ್ಲ. ಕೇಳದ ಆ ಪ್ರಶ್ನೆಯೇ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಅಲ್ಲಿಗೆ ಹೋಗುವ ಮೊದಲು, ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ನಮ್ಮಲ್ಲಿ ಸದ್ದಿಗೆ ಲಗಾಮು ಹಾಕುವುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ ಕೇಂದ್ರ ಸರಕಾರ ಇವನ್ನು ಹೊರಡಿಸಿತು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ಉಳಿದದ್ದು ರಾತ್ರಿ. ಮನೆಗಳಿರುವ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಪೇಟೆಯಲ್ಲಿ 65 ಮತ್ತು 55. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ವ್ಯಾಪ್ತಿಯ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಇವೆಲ್ಲ ಯಾವುದೋ ಒಂದು ಕ್ಷಣದ ಅಳತೆಯಲ್ಲ, ಒಂದು ಅವಧಿಯುದ್ದಕ್ಕೂ ಅಳೆದು ತೆಗೆದ ಸರಾಸರಿ.

‘ಹತ್ತು ಗಂಟೆ ತನಕ ಎಷ್ಟು ಜೋರು ಬೇಕಾದರೂ ಹಾಕಬಹುದು’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಹಗಲಿನಲ್ಲೂ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಅನುಮತಿ ಸಿಕ್ಕಿದ ಮೇಲೂ ಕಾರ್ಯಕ್ರಮ ನಡೆಯುವ ಸಾರ್ವಜನಿಕ ಜಾಗದ ಗಡಿಯಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಮೀರಬಾರದು, ಅಥವಾ 75 ದಾಟಬಾರದು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕ. ಅಂದರೆ ಊರೊಳಗಿನ ಮೈದಾನದ ಅಂಚಿನಲ್ಲಿ ಹಗಲು 65ರ ಒಳಗಿರಬೇಕು. ಖಾಸಗಿ ಜಾಗವಾದರೆ ಇನ್ನೂ ಬಿಗಿ, ಮಿತಿಗಿಂತ 5 ಡೆಸಿಬಲ್ ಮಾತ್ರ ಹೆಚ್ಚು. ಮದುವೆ ಮನೆಯ ಅಂಗಳದಲ್ಲಿ ಡಿಜೆ ಹಾಕಿಸುವವರಲ್ಲಿ ಈ ಲೆಕ್ಕ ಗೊತ್ತಿರುವವರು ಕಡಿಮೆ.

ರಾತ್ರಿ 10ರ ನಂತರ ಬಯಲಿನಲ್ಲಿ ಮೈಕ್ ಇಲ್ಲವೇ ಇಲ್ಲ. ಬಾಗಿಲು ಮುಚ್ಚಿದ ಸಭಾಂಗಣದ ಒಳಗೆ, ಒಳಗಿನವರಿಗಷ್ಟೇ ಕೇಳುವಂತೆ ಬಳಸಬಹುದು. ಒಂದು ವಿನಾಯಿತಿ ಇದೆ: ಧಾರ್ಮಿಕ, ಸಾಂಸ್ಕೃತಿಕ ಹಬ್ಬಗಳಿಗೆ ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ರಾತ್ರಿ 10ರಿಂದ 12ರವರೆಗೆ ಅವಕಾಶ ಕೊಡಬಹುದು. ಹನ್ನೆರಡರ ನಂತರ ಯಾವ ಅಧಿಕಾರಿಗೂ ಬಯಲಿನ ಮೈಕಿಗೆ ಅನುಮತಿ ಕೊಡುವ ಅಧಿಕಾರವನ್ನು ಈ ನಿಯಮ ಕೊಟ್ಟಿಲ್ಲ. ‘ಮೈಕ್ ಬೇಡ, ಬರೀ ಚಂಡೆ ಮದ್ದಲೆಯಲ್ಲಿ ಆಡ್ಸುವ’ ಎನ್ನುವವರಿಗೂ ಒಂದು ಮಾತು. 2010ರ ತಿದ್ದುಪಡಿ ಸಂಗೀತ ವಾದ್ಯಗಳನ್ನೂ, ಸದ್ದು ಮಾಡುವ ಇತರ ಸಾಧನಗಳನ್ನೂ ಇದೇ ಸಾಲಿಗೆ ಸೇರಿಸಿತು. ಕಾಗದದ ಮೇಲೆ ಬಡಗಿನ ಚಂಡೆಯೂ ಧ್ವನಿವರ್ಧಕವೂ ಒಂದೇ ತಕ್ಕಡಿಯಲ್ಲಿವೆ.

ಇಷ್ಟು ಬಿಗಿ ಎಲ್ಲಿಂದ ಬಂತು ಎಂದರೆ ಸುಪ್ರೀಂ ಕೋರ್ಟಿನ 2005ರ ಜುಲೈ 18ರ ತೀರ್ಪನ್ನು ನೋಡಬೇಕು. ಅದರ ಹಿಂದೆ ಒಂದು ದಾರುಣ ಪ್ರಕರಣವಿತ್ತು. 13 ವರ್ಷದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆದಾಗ ಅವಳ ಕೂಗು ನೆರೆಹೊರೆಯ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಅದನ್ನು ಮುಂದಿಟ್ಟು ಒಬ್ಬರು ನ್ಯಾಯಾಲಯದ ಬಾಗಿಲು ತಟ್ಟಿದರು. ನೆಮ್ಮದಿಯಿಂದ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ. ‘ನನಗೆ ಮಾತಾಡುವ ಹಕ್ಕಿದೆ’ ಎಂದುಕೊಂಡು, ಕೇಳಲು ಇಷ್ಟವಿಲ್ಲದವರ ಕಿವಿಗೆ ಮೈಕ್ ಹಿಡಿಯುವ ಹಕ್ಕು ಯಾರಿಗೂ ಇಲ್ಲ ಎಂಬುದು ಆ ತೀರ್ಪಿನ ಸಾರ. ಕರ್ನಾಟಕದಲ್ಲಿ ಧ್ವನಿವರ್ಧಕದ ವಿವಾದ ಕಾವೇರಿದ್ದ 2022ರ ಮೇ ತಿಂಗಳಲ್ಲಿ ರಾಜ್ಯ ಸರಕಾರವೂ ಈ ನಿಯಮಗಳನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಪೊಲೀಸ್ ಕಮಿಷನರೇಟ್ ಇಲ್ಲದ ನಮ್ಮಂಥ ಕಡೆ ಡಿವೈಎಸ್ಪಿ, ತಹಶೀಲ್ದಾರ್ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿಗೆ ಹೊಣೆ ವಹಿಸಿತು.

ಅದರ ಬಿಸಿ ಯಕ್ಷಗಾನಕ್ಕೂ ತಟ್ಟಿತು. ಧರ್ಮಸ್ಥಳ ಮೇಳ ಅದಕ್ಕೂ ಮೊದಲೇ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದಿತ್ತು. 2022ರ ತಿರುಗಾಟದಲ್ಲಿ ಕಟೀಲು ಮೇಳಗಳೂ ಕಾಲಮಿತಿಗೆ ಬಂದಾಗ ಕರಾವಳಿಯಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ವಿಷಯ ಹೈಕೋರ್ಟಿಗೂ ಹೋಯಿತು. ಕೊನೆಗೆ ಶಬ್ದದ ನಿಯಮ ಮೀರಬಾರದೆಂಬ ಷರತ್ತಿನ ಮೇಲೆ ಅಲ್ಲಿ ಇಡೀ ರಾತ್ರಿಯ ಆಟಕ್ಕೆ ಮತ್ತೆ ದಾರಿಯಾಯಿತು. ಬಡಗಿನ ನೆಲವಾದ ನಮ್ಮಲ್ಲಿ ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಯ ಹರಕೆ ಮೇಳಗಳಿವೆ. ಮಂದಾರ್ತಿಗೆ ಐದು ಮೇಳಗಳಿದ್ದರೂ ಹರಕೆ ಹೊತ್ತವರು ತಮ್ಮ ಸರದಿಗೆ ವರ್ಷಗಟ್ಟಲೆ ಕಾಯುತ್ತಾರೆ. ಅಷ್ಟು ಕಾದು ಆಡಿಸುವ ಆಟಕ್ಕೆ ಪೊಲೀಸರು ಬಂದು ಮೈಕ್ ತೆಗೆಸಿದರೆ ಹೊಟ್ಟೆ ಉರಿಯುವುದು ಸಹಜ. ರಾತ್ರಿ ಆಟ ನೋಡಿ ಬೆಳೆದವನಾದ ನನಗೂ ಅದು ಬೇಕು. ಆದರೆ ಠಾಣೆಯವರ ಬಳಿ ಹೋಗಿ ‘ಸ್ವಲ್ಪ ನೋಡಿ ನೋಡದ ಹಾಗೆ ಇರಿ’ ಎಂದು ಬೇಡಿಕೊಂಡು ಪ್ರತಿ ವರ್ಷ ಆಟ ಆಡಿಸುವುದು ಕಲೆಗೂ ಗೌರವವಲ್ಲ, ಕಾನೂನಿಗೂ ಗೌರವವಲ್ಲ. ಬಯಲಾಟಕ್ಕೆ ನಿಯಮದಲ್ಲೇ ಜಾಗ ಬೇಕೆಂದು ನಮ್ಮ ಶಾಸಕರೂ ಸಂಸದರೂ ಕೇಳಲಿ. ಅಲ್ಲಿಯ ತನಕ ಸದ್ದನ್ನು ನಾವೇ ಹಿಡಿತದಲ್ಲಿಡೋಣ.

ಹಿಡಿತದಲ್ಲಿಡುವುದು ಎಂದರೆ ಏನು? ಡೆಸಿಬಲ್ ಎಂಬ ಅಳತೆ ಅಕ್ಕಿ ತೂಗುವ ಕಿಲೋ ಹಾಗೆ ಅಲ್ಲ. 3 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಇಮ್ಮಡಿ, 10 ಹೆಚ್ಚಾದರೆ ಹತ್ತು ಪಟ್ಟು. 45ರಿಂದ 75ಕ್ಕೆ ಏರಿದರೆ ಸಾವಿರ ಪಟ್ಟು. ಆದ್ದರಿಂದ ನಾಲ್ಕು ಸ್ಪೀಕರಿನಲ್ಲಿ ಎರಡನ್ನು ತೆಗೆದರೂ ಇಳಿಯುವುದು ಬರೀ 3 ಡೆಸಿಬಲ್, ಪಕ್ಕದ ಮನೆಯವರಿಗೆ ವ್ಯತ್ಯಾಸವೇ ಗೊತ್ತಾಗದು. ಇನ್ನೊಂದು ಕಡೆಯಿಂದ ನೋಡಿ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸ್ಪೀಕರಿನ ಸದ್ದು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಕೊಡುವ ಸ್ಪೀಕರು ರಾತ್ರಿಯ ಮಿತಿಯಾದ 45ಕ್ಕೆ ಇಳಿಯಲು ಸುಮಾರು 560 ಮೀಟರ್ ಹೋಗಬೇಕು. ಅದನ್ನೇ 90ಕ್ಕೆ ಇಳಿಸಿದರೆ ಸುಮಾರು 180 ಮೀಟರ್ ಸಾಕು. ಗುಂಡಿಯನ್ನು ಅಷ್ಟು ತಿರುಗಿಸಿದ್ದರಿಂದ ನಿದ್ದೆ ಕೆಡುವ ಪ್ರದೇಶ ಹತ್ತನೇ ಒಂದಕ್ಕೆ ಇಳಿಯಿತು. ತೆಂಗಿನ ಮರದ ತುದಿಗೆ ಊರ ಕಡೆ ಮುಖ ಮಾಡಿ ಕಟ್ಟುವ ಮೈಕನ್ನು ಬಿಟ್ಟು, ಪ್ರೇಕ್ಷಕರ ನಡುವೆ ಚಿಕ್ಕ ಬಾಕ್ಸುಗಳನ್ನು ಇಡಿ. ಆಟ ನೋಡಲು ಬಂದವರಿಗೆ ಭಾಗವತರ ಪದ ಸ್ಪಷ್ಟವಾಗಿ ಕೇಳಿಸುತ್ತದೆ, ಬಾರದವರು ಮಲಗುತ್ತಾರೆ.

ಇದರಲ್ಲಿ ಪ್ರಕೃತಿಯ ಪಾಲೂ ಇದೆ. ದೂರದ ಆಟದ ಚಂಡೆ ಡಿಸೆಂಬರ್, ಜನವರಿಯಲ್ಲಿ ಪಕ್ಕದ ಗದ್ದೆಯಲ್ಲೇ ಬಾರಿಸಿದಂತೆ ಕೇಳುವುದನ್ನು ಎಲ್ಲರೂ ಬಲ್ಲರು. ಚಳಿಯ ರಾತ್ರಿ ನೆಲಕ್ಕೆ ಹತ್ತಿರದ ಗಾಳಿ ತಣ್ಣಗಾಗಿ, ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಶಬ್ದ ವೇಗವಾಗಿ ಸಾಗುವುದರಿಂದ ಆಕಾಶಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಹಗಲು ಇದರ ಉಲ್ಟಾ. ಹಾಗಾಗಿ ಸಂಜೆ ಐದು ಗಂಟೆಗೆ ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ಹೊಂದಿಸಿದ ಮಟ್ಟ ರಾತ್ರಿಗೆ ಹೆಚ್ಚೇ ಆಗುತ್ತದೆ. ಧ್ವನಿ ಬೆಳಕಿನವರು ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ ಊರ ಅಂಚಿಗೆ ಹೋಗಿ ಕೇಳಿ ಇಳಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಜಗಳ ಮುಗಿಯದಿದ್ದರೆ? ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದಾಗ, ಇಲ್ಲವೇ ರಾತ್ರಿಯ ನಿರ್ಬಂಧ ಮುರಿದಾಗ ಯಾರು ಬೇಕಾದರೂ ದೂರು ಕೊಡಬಹುದು. ರಾತ್ರಿಯ ಉಲ್ಲಂಘನೆಗೆ ಮೀಟರ್ ಹಿಡಿದು ಅಳೆದು ಸಾಬೀತು ಮಾಡುವ ಕೆಲಸ ನಿಮ್ಮದಲ್ಲ, ಬಯಲಿನಲ್ಲಿ ಮೈಕ್ ಓಡುತ್ತಿದೆ ಎಂಬುದೇ ಸಾಕು. ತುರ್ತಿಗೆ 112, ಆಮೇಲೆ ಠಾಣೆಗೆ ಲಿಖಿತ ದೂರು. ಮೊಬೈಲಿನಲ್ಲಿರುವ ಡೆಸಿಬಲ್ ಆ್ಯಪ್ ನಿಮ್ಮ ತಿಳಿವಳಿಕೆಗೆ ಒಳ್ಳೆಯದು, ನಿನ್ನೆಗೂ ಇವತ್ತಿಗೂ ಹೋಲಿಸಿ ನೋಡಬಹುದು; ಪ್ರಮಾಣೀಕರಿಸಿದ ಮೀಟರಿನ ಜಾಗವನ್ನು ಅದು ತುಂಬದು. ಕಾನೂನಿನ ಮಾತು ಇಷ್ಟಾದರೂ ನಾನು ಕೇಳಿದವರಿಗೆ ಮೊದಲು ಹೇಳುವುದು ಬೇರೆ: ಕಾರ್ಯಕ್ರಮಕ್ಕೆ ವಾರ ಮೊದಲೇ ಸಮಿತಿಯವರ ಮನೆಗೆ ಹೋಗಿ, ‘ಮಗುವಿಗೆ ಪರೀಕ್ಷೆ ಇದೆ ಮರಾಯ್ರೆ’ ಎಂದು ಹೇಳಿ. ರಾತ್ರಿ ಹನ್ನೊಂದಕ್ಕೆ ಪೊಲೀಸ್ ಜೀಪು ಬಂದ ಮೇಲೆ ಆಡುವ ಮಾತಿಗಿಂತ ಅದು ಸುಲಭ.

ಇನ್ನು ಯಾರೂ ಕೇಳದ ಪ್ರಶ್ನೆ. ಬ್ರಹ್ಮಾವರ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕುಂದಾಪುರ, ಹೆಮ್ಮಾಡಿ, ತ್ರಾಸಿ, ಮರವಂತೆ, ಉಪ್ಪುಂದ, ಬೈಂದೂರು, ಶಿರೂರು. ಈ ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದು ರಾಷ್ಟ್ರೀಯ ಹೆದ್ದಾರಿ 66. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ರಸ್ತೆ ಎಂದು ಪ್ರವಾಸಿಗರು ಫೋಟೋ ತೆಗೆಯುವುದೂ ಇದೇ ಹೆದ್ದಾರಿಯಲ್ಲಿ. ರಸ್ತೆ ಚಿಕ್ಕದಿದ್ದ ಕಾಲದಲ್ಲಿ, ಮಕ್ಕಳಿಗೆ ಬಸ್ಸು ಹತ್ತಿರ ಸಿಗಲಿ ಎಂದು ಅದರ ಬದಿಯಲ್ಲೇ ಕಟ್ಟಿದ ಶಾಲೆಗಳಿವೆ. ರಸ್ತೆ ಚತುಷ್ಪಥವಾಯಿತು, ಶಾಲೆ ಅಲ್ಲೇ ಉಳಿಯಿತು. ಅಂಥ ಒಂದು ಶಾಲೆಯ ಕಾರ್ಯಕ್ರಮಕ್ಕೆ ಹೋಗಿದ್ದಾಗ ಗಮನಿಸಿದೆ: ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹಾಕುತ್ತ ಬಂದಾಗ ಮಾಷ್ಟ್ರು ಮಾತು ನಿಲ್ಲಿಸುತ್ತಾರೆ, ದಾಟಿದ ಮೇಲೆ ಅದೇ ವಾಕ್ಯದಿಂದ ಮುಂದುವರಿಸುತ್ತಾರೆ. ಅವರಿಗೆ ತಾನು ನಿಲ್ಲಿಸಿದ್ದೇ ಗೊತ್ತಿಲ್ಲದಷ್ಟು ಅದು ಅಭ್ಯಾಸವಾಗಿದೆ.

ಪಾಠ ಹೇಳುವವರ ಧ್ವನಿ ಒಂದು ಮೀಟರ್ ದೂರದಲ್ಲಿ ಸುಮಾರು 60ರಿಂದ 65 ಡೆಸಿಬಲ್ ಇರುತ್ತದೆ. ಕೊನೆಯ ಬೆಂಚಿಗೆ ತಲುಪುವಷ್ಟರಲ್ಲಿ ಅದು 50ರ ಆಸುಪಾಸಿಗೆ ಇಳಿಯುತ್ತದೆ. ಮಾತು ಸ್ಪಷ್ಟವಾಗಿ ತಿಳಿಯಬೇಕಾದರೆ ಸುತ್ತಲಿನ ಗದ್ದಲಕ್ಕಿಂತ ಅದು 15 ಡೆಸಿಬಲ್ ಮೇಲಿರಬೇಕು. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ, ಪಾಠ ನಡೆಯುವಾಗ ತರಗತಿಯೊಳಗಿನ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಎಂದಿತು. ಕಿಟಕಿ ತೆರೆದಿಟ್ಟೇ ಪಾಠ ಮಾಡಬೇಕಾದ ನಮ್ಮ ಸೆಕೆಯ ನಾಡಿನಲ್ಲಿ ಹೊರಗಿನ ಸದ್ದು ಹೆಚ್ಚುಕಡಿಮೆ ಹಾಗೆಯೇ ಒಳಗೆ ಬರುತ್ತದೆ. ಆಗ ಮುಂದಿನ ಬೆಂಚಿನವರಿಗೆ ಪಾಠ, ಹಿಂದಿನ ಬೆಂಚಿನವರಿಗೆ ಅಂದಾಜು. ದೊಡ್ಡವರಾದ ನಾವು ಅರ್ಧ ಕೇಳಿದ ಮಾತನ್ನು ಅನುಭವದಿಂದ ಪೂರ್ತಿ ಮಾಡಿಕೊಳ್ಳುತ್ತೇವೆ. ಹೊಸ ಶಬ್ದಗಳನ್ನು ಈಗಷ್ಟೇ ಕಲಿಯುತ್ತಿರುವ ಎರಡನೇ ಕ್ಲಾಸಿನ ಮಗುವಿಗೆ ಅದು ಸಾಧ್ಯವಿಲ್ಲ. ಮನೆಯಲ್ಲಿ ಕುಂದಗನ್ನಡವನ್ನೋ ಕೊಂಕಣಿಯನ್ನೋ ಆಡುತ್ತ ಬಂದು ಶಾಲೆಯಲ್ಲಿ ಇಂಗ್ಲಿಷ್ ಕೇಳಿಸಿಕೊಳ್ಳುವ ಮಗುವಿಗಂತೂ ಇನ್ನೂ ಕಷ್ಟ.

ಇದು ಕಲಿಕೆಗೆ ಹೊಡೆತ ಕೊಡುತ್ತದೆ ಎಂಬುದಕ್ಕೆ ಹಳೆಯ ಸಾಕ್ಷ್ಯವೇ ಇದೆ. ನ್ಯೂಯಾರ್ಕಿನ ಒಂದು ಶಾಲೆಯ ಪಕ್ಕದಲ್ಲೇ ಎತ್ತರದ ರೈಲು ಹಳಿ ಹಾದುಹೋಗುತ್ತಿತ್ತು. ಹಳಿಯ ಕಡೆಗಿದ್ದ ತರಗತಿಗಳ ಮಕ್ಕಳು, ಅದೇ ಕಟ್ಟಡದ ಇನ್ನೊಂದು ಬದಿಯ ಮಕ್ಕಳಿಗಿಂತ ಓದಿನಲ್ಲಿ ಹಿಂದುಳಿದಿದ್ದಾರೆ ಎಂದು ಆರ್ಲೀನ್ ಬ್ರಾನ್ಜಾಫ್ಟ್ ಎಂಬ ಮನೋವಿಜ್ಞಾನಿ 1975ರಲ್ಲಿ ತಮ್ಮ ಸಹಸಂಶೋಧಕರೊಡನೆ ತೋರಿಸಿದರು. ಆಮೇಲೆ ಹಳಿಗೆ ರಬ್ಬರ್ ಪಟ್ಟಿ, ತರಗತಿಯ ಮಾಡಿಗೆ ಸದ್ದು ಹೀರುವ ಹಲಗೆ ಹಾಕಿದರು. ಎರಡೂ ಬದಿಯ ಮಕ್ಕಳು ಓದಿನಲ್ಲಿ ಸರಿಸಮರಾದರು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಜಿಲ್ಲೆ ನಮ್ಮದು. ಅಂಕದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ನಾವು, ತರಗತಿಯ ಯಾವ ಬದಿಯ ಮಕ್ಕಳಿಗೆ ಪಾಠ ಕೇಳಿಸುತ್ತದೆ ಎಂದು ವಿಚಾರಿಸಿದ್ದೇವೆಯೇ?

‘ಶಾಲೆ ಅಂದ ಮೇಲೆ 100 ಮೀಟರ್ ನಿಶ್ಶಬ್ದ ವಲಯ ತಾನಾಗಿಯೇ ಇರುತ್ತದಲ್ಲ’ ಎಂದು ನೀವು ಹೇಳಬಹುದು. ಈಗ ಹಾಗಿಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ನಿಯಮಕ್ಕೆ ತಿದ್ದುಪಡಿ ತಂದಿತು. ರಾಜ್ಯ ಸರಕಾರ ಇಂಥ ಜಾಗ ನಿಶ್ಶಬ್ದ ವಲಯ ಎಂದು ಘೋಷಿಸದ ಹೊರತು ಯಾವ ಶಾಲೆ, ಆಸ್ಪತ್ರೆಯ ಸುತ್ತಮುತ್ತಲೂ ಆ ರಕ್ಷಣೆ ತಾನಾಗಿ ಬರುವುದಿಲ್ಲ. ಬೋರ್ಡು ನೆಟ್ಟರೆ ಸಾಲದು, ಅಧಿಸೂಚನೆಯ ಬಲ ಬೇಕು. ಇನ್ನು ಅಳತೆಯ ವಿಷಯ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಹಗಲೂ ರಾತ್ರಿ ಸದ್ದು ಅಳೆಯುವ ಕೇಂದ್ರಗಳ ಜಾಲವನ್ನು ಶುರುಮಾಡಿದಾಗ ಆರಿಸಿಕೊಂಡದ್ದು ಏಳು ಮಹಾನಗರಗಳನ್ನು. ಕರ್ನಾಟಕದಿಂದ ಬೆಂಗಳೂರು ಒಂದೇ. ಯಾರಾದರೂ ಕೇಳುವ ತನಕ ನಮ್ಮ ಹೆದ್ದಾರಿ ಬದಿಯಲ್ಲಿ ಮೀಟರ್ ಇಡಬೇಕೆಂದು ಯಾರಿಗೂ ತೋಚದು.

ಅಧಿಸೂಚನೆ ಬಂದರೂ 100 ಮೀಟರ್ ಪೂರ್ತಿ ರಕ್ಷಣೆ ಕೊಡುವುದಿಲ್ಲ. ಒಂದೇ ಕಡೆ ನಿಂತ ಸ್ಪೀಕರಿನ ಸದ್ದು ದೂರ ಇಮ್ಮಡಿಯಾದಾಗ 6 ಡೆಸಿಬಲ್ ಇಳಿಯುತ್ತದೆ ಎಂದೆನಲ್ಲ, ಉದ್ದಕ್ಕೆ ಹರಡಿದ ವಾಹನಗಳ ಸಾಲಿನ ಸದ್ದು ಇಳಿಯುವುದು 3 ಮಾತ್ರ. ಹೆದ್ದಾರಿಯಿಂದ 10 ಮೀಟರಿನಲ್ಲಿ 75 ಇದ್ದರೆ 100 ಮೀಟರಿನಲ್ಲಿ ಇನ್ನೂ 65ರ ಹತ್ತಿರ. ಶಾಲೆಗೆ ಇರಬೇಕಾದ್ದು 50. ವಲಯದಲ್ಲಿ ಹಾರ್ನ್ ನಿಷೇಧವಾಗುತ್ತದೆ, ಮೈಕ್, ಪಟಾಕಿ ನಿಲ್ಲುತ್ತವೆ. ಚಕ್ರದ, ಎಂಜಿನಿನ ಸದ್ದು ಉಳಿಯುತ್ತದೆ. ಅದಕ್ಕೆ ಗೋಡೆಯೇ ಮದ್ದು. ಗಿಡ ನೆಟ್ಟರಾಯಿತು ಎನ್ನುವವರು ಬಹಳ. ಆದರೆ 5 ಡೆಸಿಬಲ್ ಇಳಿಸಲು ಕಣ್ಣು ತೂರದಷ್ಟು ದಟ್ಟವಾದ ಸುಮಾರು 30 ಮೀಟರ್ ಅಗಲದ ಕಾಡೇ ಬೇಕು, ಒಂದು ಸಾಲು ಅಕೇಶಿಯಾ ಏನೂ ಮಾಡದು. ರಸ್ತೆಯ ವಾಹನ ತರಗತಿಯ ಕಿಟಕಿಗೆ ಕಾಣದಂತೆ ಎತ್ತರಕ್ಕೆ, ಸಂದು ಬಿಡದೆ ಕಟ್ಟಿದ ಮುರಕಲ್ಲಿನ ಪಾಗಾರ 5ರಿಂದ 10 ಡೆಸಿಬಲ್ ತಡೆಯುತ್ತದೆ. ಕಲ್ಲು ನಮ್ಮಲ್ಲೇ ಸಿಗುತ್ತದೆ. ಪಾಗಾರ ಕಟ್ಟುವವರೆಗೆ ಖರ್ಚಿಲ್ಲದ ಉಪಾಯವೂ ಒಂದಿದೆ: ಚಿಕ್ಕ ಮಕ್ಕಳ ತರಗತಿಗಳನ್ನು ರಸ್ತೆಯಿಂದ ದೂರದ ಕೋಣೆಗಳಿಗೆ ಒಯ್ದು, ಆಫೀಸನ್ನೂ ದಾಸ್ತಾನು ಕೋಣೆಯನ್ನೂ ರಸ್ತೆ ಬದಿಗೆ ತನ್ನಿ.

ಮಳೆಗಾಲದ ಸಮಸ್ಯೆ ಬೇರೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಹೆಂಚಿನ ಮಾಡು ತೆಗೆದು ತಗಡಿನ ಶೀಟು ಹಾಕಿದ ಶಾಲೆಗಳು ಹೆಚ್ಚುತ್ತಿವೆ. ಸೋರುವುದಿಲ್ಲ, ಹೆಂಚು ಜಾರುವ ಭಯವಿಲ್ಲ, ನಿಜ. ಆದರೆ ಜೂನ್, ಜುಲೈನಲ್ಲಿ ಒಂದು ಜೋರು ಮಳೆ ಬಂದರೆ ಅದರಡಿ ಪಾಠ ಮಾಡುವಂತಿಲ್ಲ. ಟೀಚರ್ ಬೋರ್ಡಿನ ಮೇಲೆ ಬರೆದುಕೊಟ್ಟು ಸುಮ್ಮನೆ ಕೂರಬೇಕು. ಹೆಂಚಿನ ಅಡಿ ಮರದ ಮುಚ್ಚಿಗೆ ಹಾಕುತ್ತಿದ್ದ ಹಿರಿಯರ ಕಟ್ಟಡಗಳಲ್ಲಿ ಈ ತೊಂದರೆ ಇರಲಿಲ್ಲ. ಮಳೆಯ ಸದ್ದನ್ನು ಯಾವ ನಿಯಮವೂ ಮಾಲಿನ್ಯ ಎನ್ನುವುದಿಲ್ಲ, ಮಗುವಿನ ಕಿವಿಗೆ ಆ ಭೇದವಿಲ್ಲ. ಶೀಟು ಹಾಕಿಸಿಕೊಡುವ ದಾನಿಗಳು ಅದರ ಕೆಳಗೊಂದು ಮುಚ್ಚಿಗೆಯನ್ನೂ ಸೇರಿಸಿ ಕೊಟ್ಟರೆ ಹೆಸರಿನ ಫಲಕವನ್ನು ಎರಡು ಪಟ್ಟು ದೊಡ್ಡದು ಹಾಕಿದರೂ ನನ್ನ ತಕರಾರಿಲ್ಲ.

ಹಾಗಾದರೆ ಹಗಲಿನ ಗದ್ದಲಕ್ಕೆ ದೂರು ಕೊಡುವವರು ಯಾರು? ಶಿಕ್ಷಕರು ಸರಕಾರಿ ನೌಕರರು, ಕೊಡಲು ಹಿಂಜರಿಯುತ್ತಾರೆ. ಹೆತ್ತವರು ತರಗತಿಯಲ್ಲಿ ಕೂರುವುದಿಲ್ಲ, ಅವರಿಗೆ ಗೊತ್ತಾಗುವುದಿಲ್ಲ. ಉಳಿದವರು ಮಕ್ಕಳು. ಅವರಿಗೆ ಮಾತಾಡಲು ವೇದಿಕೆ ಇಲ್ಲವೆಂದು ಕುಂದಾಪುರದವರು ಹೇಳುವಂತಿಲ್ಲ. 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ಎಂಬ ಪ್ರಯೋಗ ಈ ತಾಲೂಕಿನ ಹಳ್ಳಿಗಳಲ್ಲಿ ನಡೆದಿತ್ತು. ಇವತ್ತು ರಾಜ್ಯದ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಕಾಲುಸಂಕ, ಶೌಚಾಲಯ, ಬಸ್ಸಿನ ಬೇಡಿಕೆಗಳು ಅಲ್ಲಿ ಬರುತ್ತವೆ. ಈ ವರ್ಷ ಹೆದ್ದಾರಿ ಬದಿಯ ಶಾಲೆಗಳ ಮಕ್ಕಳು ಮೂರು ವಿಷಯ ಎತ್ತಲಿ: ನಮ್ಮ ತರಗತಿಯೊಳಗಿನ ಸದ್ದನ್ನು ಅಳೆಸಿ, ನಮ್ಮ ಶಾಲೆಯನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಜಿಲ್ಲಾಧಿಕಾರಿಗೆ ಬರೆಯಿರಿ, ರಸ್ತೆ ಕಡೆ ಪಾಗಾರ ಎತ್ತರಿಸಿ. ಶಾಲಾಭಿವೃದ್ಧಿ ಸಮಿತಿ ಅದಕ್ಕೊಂದು ನಿರ್ಣಯ ಸೇರಿಸಿ ಕಳಿಸಲಿ. ರಾತ್ರಿಯ ಮೈಕಿಗಾಗಿ ಹೈಕೋರ್ಟಿನ ತನಕ ಹೋಗಬಲ್ಲ ಕರಾವಳಿಯವರಿಗೆ, ಹಗಲಿನ ಪಾಠಕ್ಕಾಗಿ ಪಂಚಾಯತ್ ಕಚೇರಿಯ ಮೆಟ್ಟಿಲು ಹತ್ತುವುದು ದೊಡ್ಡ ಕೆಲಸವೇನಲ್ಲ.